ಮೊಳೆಗೆ ನೇತುಹಾಕಿದ ಮಾಸ್ಕ್

ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಅದನ್ನು ಸರಿ ಮಾಡಿಸಲು ಕಳೆದ ವಾರ ತುಮಕೂರಿನ ಒಂದು ಸರ್ಕಾರಿ ಕಚೇರಿಗೆ ನಾಲ್ಕನೇ ಸಲ ಹೋಗಿದ್ದೆ. ಬಾಗಿಲ ಪಕ್ಕ ಕೋವಿಡ್ ಕಾಲದ ಬೋರ್ಡು ಇನ್ನೂ ಇದೆ. ‘ಮಾಸ್ಕ್’ ಅನ್ನುವುದನ್ನು ಎದ್ದು ಕಾಣಲಿ ಅಂತ ಕೆಂಪಕ್ಷರದಲ್ಲಿ ಬರೆಸಿದ್ದರು. ಬಿಸಿಲಿಗೆ ಮೊದಲು ಹೋಗುವುದೇ ಕೆಂಪು. ಹಾಗಾಗಿ ಈಗ ಉಳಿದಿರುವುದು ‘ಧರಿಸದವರಿಗೆ ಪ್ರವೇಶವಿಲ್ಲ’ ಅಂತ ಅಷ್ಟೇ. ನನ್ನ ಮುಂದಿದ್ದ ಯಜಮಾನರು ಅದನ್ನು ನಿಧಾನಕ್ಕೆ ಓದಿ, ಒಮ್ಮೆ ತಮ್ಮ ಪಂಚೆ ನೋಡಿಕೊಂಡು, ಧೈರ್ಯ ಮಾಡಿ ಒಳಗೆ ಹೋದರು.

2021ರಲ್ಲಿ ಇದೇ ಬಾಗಿಲಲ್ಲಿ ಒಂದು ಮೊಳೆ ಇತ್ತು. ಮೊಳೆಗೆ ಒಂದು ನೀಲಿ ಮಾಸ್ಕ್. ಮರೆತು ಬಂದವರಿಗೆ ಅನುಕೂಲವಾಗಲಿ ಅಂತ ಗೇಟ್ ಕಾಯುವವನು ಇಟ್ಟಿದ್ದ. ಅದನ್ನು ಹಾಕಿಕೊಂಡು ಒಳಗೆ ಹೋಗುವುದು, ಕೆಲಸ ಆಗದೆ ಹೊರಗೆ ಬರುವುದು, ಮೊಳೆಗೆ ಸಿಕ್ಕಿಸಿ ಮನೆಗೆ ಹೋಗುವುದು. ಮುಂದಿನವರು ಅದನ್ನೇ ಏರಿಸಿಕೊಳ್ಳುವುದು. ಕೊರೋನಾಗೆ ಲಾಕ್‌ಡೌನ್‌ನಲ್ಲೂ ಇಂಥ ಬಸ್ ಸೌಕರ್ಯ ಇತ್ತು. ‘ಏನಪ್ಪಾ ಇದು?’ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು ಇನ್ನೂ ನೆನಪಿದೆ. ‘ಸಾಹೇಬ್ರು ಮಾಸ್ಕ್ ಐತಾ ಅಂತ ನೋಡ್ತಾರೆ ಸಾರ್, ಯಾರ್ದು ಅಂತ ಕೇಳಲ್ಲ.’ ಆ ಎರಡು ವರ್ಷ ಬಂದ ಸುತ್ತೋಲೆಗಳಲ್ಲಿ ಯಾವುದೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ದಂಡದ ಕತೆ ನಿಮಗೂ ಗೊತ್ತು. 2020ರ ಸೆಪ್ಟೆಂಬರ್ ಕೊನೆ ಹೊತ್ತಿಗೆ ಪಟ್ಟಣದಲ್ಲಿ 1000, ಹಳ್ಳಿ ಕಡೆ 500 ರೂಪಾಯಿ ಅಂದರು. ಜನ ಬೈದರು. ಅಕ್ಟೋಬರ್‌ನಲ್ಲಿ 250 ಮತ್ತು 100 ಆಯಿತು. ಶುದ್ಧ ಸಂತೆ ಚೌಕಾಸಿ. ಇನ್ನೆರಡು ದಿನ ಗಟ್ಟಿಯಾಗಿ ಬೈದಿದ್ದರೆ ಒಂದು ಕೊಂಡರೆ ಒಂದು ಉಚಿತ ಕೊಡುತ್ತಿದ್ದರೇನೋ. ಅದೇ ವೈರಸ್, ಅದೇ ಮೂಗು. ಊರಾಚೆ ಹೋದರೆ ಮಾತ್ರ 150 ರೂಪಾಯಿ ರಿಯಾಯಿತಿ.

ಅದೇ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಶಿರಾದಲ್ಲಿ ಉಪಚುನಾವಣೆ ಪ್ರಚಾರ. ನವೆಂಬರ್ 3ಕ್ಕೆ ಮತದಾನ. ಯಾವ ಪಕ್ಷ ಅಂತ ಕೇಳಬೇಡಿ, ಜನ ಸೇರಿಸುವುದರಲ್ಲಿ ಎಲ್ಲರೂ ಒಂದೇ. ನಾಯಕರ ಮಾಸ್ಕ್ ಗದ್ದದ ಮೇಲೆ. ಅದು ಸರಿಯಾದ ಜಾಗವೇ ಬಿಡಿ. ಬಾಯಿ ಮುಚ್ಚಿಕೊಂಡರೆ ಭರವಸೆ ಕೊಡುವುದು ಹೇಗೆ? ಇತ್ತ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಅಜ್ಜಿ ಎಲೆಅಡಿಕೆ ಉಗಿಯಲು ಮಾಸ್ಕ್ ಇಳಿಸಿದರೆ ರಸೀದಿ ಪುಸ್ತಕ ಹೊರಗೆ ಬರುತ್ತಿತ್ತು. ಡಿಸೆಂಬರ್‌ನಲ್ಲಿ ರಾತ್ರಿ ಕರ್ಫ್ಯೂ ಅಂತ ಘೋಷಿಸಿ, ಸಮಯ ತಿದ್ದಿ, ಶುರುವಾಗುವ ಮೊದಲೇ ವಾಪಸ್ ತೆಗೆದುಕೊಂಡರು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಇದ್ದಾಗ ಆಗಿನ ವಿರೋಧ ಪಕ್ಷ ಮೇಕೆದಾಟು ಪಾದಯಾತ್ರೆ ಹೊರಟಿತು. ವೈರಸ್ ಆದರೂ ಪಕ್ಷಪಾತ ಮಾಡಲಿಲ್ಲ, ಅಷ್ಟು ಮೆಚ್ಚಬೇಕು.

ಸುಮ್ನೆ ಹೇಳುತ್ತೇನೆ, ತುಮಕೂರಿನವರಿಗೆ ಮಾಸ್ಕ್ ಕೊರೋನಾ ಕಲಿಸಿದ್ದಲ್ಲ. 2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಆಮೇಲೆ ಅಗೆದರು. ಪೈಪಿಗೆ ಅಗೆದರು, ಕೇಬಲ್ಲಿಗೆ ಅಗೆದರು, ಮುಚ್ಚಿದ್ದು ಸರಿಯಿಲ್ಲ ಅಂತ ಅಗೆದರು. ಎಂ.ಜಿ. ರಸ್ತೆಯಲ್ಲಿ ಕರ್ಚೀಫು ಕಟ್ಟಿಕೊಳ್ಳದೆ ಓಡಾಡಿದವನು ಮನೆಗೆ ಹೋದರೆ ಹೆಂಡತಿಗೆ ಗುರುತು ಸಿಗುತ್ತಿರಲಿಲ್ಲ. ಆ ಧೂಳಿಗೆ ಯಾರೂ ಯಾರಿಗೂ ದಂಡ ಹಾಕಲಿಲ್ಲ. ಚಿಕ್ಕಬಳ್ಳಾಪುರದ ಕಡೆ ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರ ಶ್ವಾಸಕೋಶದೊಳಗೆ ಕಲ್ಲಿನ ಪುಡಿ ಕೂರುತ್ತದೆ. ಸಿಲಿಕೋಸಿಸ್ ಅಂತಾರೆ, ವಾಸಿಯಾಗದ ಕಾಯಿಲೆ. ಮಾಸ್ಕ್ ದಂಡ ಹಾಕುತ್ತಿದ್ದರಲ್ಲ, ಅಂಥ ಒಬ್ಬ ಮಾರ್ಷಲ್‌ನನ್ನು ಅಲ್ಲಿಗೆ ಕಳಿಸಿ ನೋಡೋಣ.

ಕಾನೂನು ಇತ್ತಾ ಅಂದರೆ, ಇತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಬೊಂಬಾಯಿಯ ಪ್ಲೇಗಿಗೆ ಹೆದರಿ ಬ್ರಿಟಿಷರು ಮಾಡಿದ್ದು. ಇದ್ದದ್ದೇ ನಾಲ್ಕು ಕಲಮು. ಅದರಲ್ಲೊಂದು ಕಲಮಿನ ಪ್ರಕಾರ, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಯಾರ ಮೇಲೂ ದಾವೆ ಹಾಕುವಂತಿಲ್ಲ. ಅದೇ ವರ್ಷ ಪುಣೆಯಲ್ಲಿ, ರೋಗಿಗಳನ್ನು ಹುಡುಕಲು ಮನೆಮನೆಗೆ ಸೈನಿಕರನ್ನು ನುಗ್ಗಿಸಿದ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಸದುದ್ದೇಶ ತಡೆಯಲಾರದೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ನಮ್ಮ ಕಡೆ ಜನ ಗುಂಡಿನ ತಂಟೆಗೆ ಹೋಗಲಿಲ್ಲ. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅಜ್ಜಿ ಹೇಳುತ್ತಿದ್ದಳು, ಅಮ್ಮ ಸಿಟ್ಟಾದರೆ ಕೋಳಿ ಕೇಳುತ್ತಾಳೆ ಅಂತ. ಆಗ 250 ರೂಪಾಯಿಗೆ ಊರಿನ ಕೋಳಿಯೆಲ್ಲ ಬರುತ್ತಿತ್ತು. 2020ರಲ್ಲಿ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡಿತು. ಹೊಸ ಹೆಸರು, ಹೊಸ ಕಾಗದ.

ದೆಹಲಿಯಲ್ಲಿ ಇನ್ನೂ ಮಜಾ. ಕಾರಿನಲ್ಲಿ ಒಬ್ಬನೇ ಇದ್ದರೂ ಮಾಸ್ಕ್ ಬೇಕು, ಕಾರೂ ಸಾರ್ವಜನಿಕ ಜಾಗವೇ ಅಂತ 2021ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಹೇಳಿತು. 2022ರ ಫೆಬ್ರವರಿಯಲ್ಲಿ ಅದೇ ಹೈಕೋರ್ಟಿನ ಇನ್ನೊಂದು ಪೀಠ, ಇದೆಂಥ ಅಸಂಬದ್ಧ, ಈ ಆದೇಶ ಯಾಕಿನ್ನೂ ಇದೆ ಅಂತ ಸರ್ಕಾರವನ್ನು ಕೇಳಿತು. ಹತ್ತು ತಿಂಗಳು ಪಾಪ ಜನ ತಮ್ಮ ಉಸಿರಿಗೆ ತಾವೇ ಹೆದರಿಕೊಂಡು ಗಾಡಿ ಓಡಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಭಾವನ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ನಾನು ಅವರ ಕಡೆಯವನು ಅಂದುಕೊಳ್ಳುತ್ತೀರಿ. ಮಾಸ್ಕ್ ಹಾಕಿದರೆ ಆಕ್ಸಿಜನ್ ಕಡಿಮೆಯಾಗುತ್ತದೆ ಅಂತ ಭಾವನಿಗೆ ವಾಟ್ಸಾಪಿನಲ್ಲಿ ಬಂದಿತ್ತು. ಡಾಕ್ಟರುಗಳು ಗಂಟೆಗಟ್ಟಲೆ ಅದನ್ನು ಹಾಕಿಕೊಂಡೇ ಆಪರೇಷನ್ ಮಾಡ್ತಾರಲ್ವಾ ಭಾವ ಅಂದೆ. ಅವರಿಗೆ ಅಭ್ಯಾಸ ಇರುತ್ತೆ ಅಂದರು. ಕೊನೆಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದರು. ಮಾಸ್ಕ್ ಇಲ್ಲದೆ 97. ಮಾಸ್ಕ್ ಹಾಕಿ 97. ‘ಸೆಲ್ ವೀಕ್ ಆಗಿದೆ’ ಅಂದರು ಭಾವ.

ಮಾಸ್ಕ್ ಕೆಲಸ ಮಾಡುತ್ತದಾ? ಆರೋಗ್ಯವಂತರಿಗೆ ಬೇಡ ಅನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಮಾತು ಬದಲಿಸಿತು. ಆಮೇಲೆ ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ರೋಗಲಕ್ಷಣ ಇರುವ ಸೋಂಕು ಸುಮಾರು ಶೇ. 11ರಷ್ಟು ಕಡಿಮೆಯಾಯಿತು, ಅರವತ್ತು ದಾಟಿದವರಲ್ಲಿ ಇಳಿಕೆ ಇನ್ನೂ ಜಾಸ್ತಿ. ಬಟ್ಟೆ ಮಾಸ್ಕಿನಿಂದ ಆದ ಲಾಭ ಸರಿಯಾಗಿ ಕಾಣಿಸಲಿಲ್ಲ. ಅಂದರೆ ನಮ್ಮಲ್ಲಿ ಅಂಗಿ ಬಣ್ಣಕ್ಕೆ ಮ್ಯಾಚಿಂಗ್ ಹೊಲಿಸಿಕೊಂಡದ್ದು ಅಂದಕ್ಕಷ್ಟೇ. ಅಲ್ಲಿ ಮಾಸ್ಕ್ ಹಾಕುವವರು ಶೇ. 13ರಿಂದ 42ಕ್ಕೆ ಏರಿದ್ದು ಹೇಗೆ ಗೊತ್ತಾ? ಮನೆ ಬಾಗಿಲಿಗೆ ಪುಕ್ಕಟೆ ಕೊಟ್ಟರು. ಮಸೀದಿಯಲ್ಲಿ, ಸಂತೆಯಲ್ಲಿ, ‘ಹಾಕ್ಕೊಳ್ಳಪ್ಪಾ’ ಅಂತ ನೆನಪಿಸಿದರು. ರಸೀದಿ ಪುಸ್ತಕ ಹಿಡಿದು ಯಾರೂ ಹೋಗಲಿಲ್ಲ. ಇಂಥ ಸುಲಭದ ದಾರಿ ನಮ್ಮವರಿಗೆ ಹೊಳೆಯಲೇ ಇಲ್ಲ ಅಂದರೆ ನಂಬಬೇಕು.

ಆಕ್ಸಿಜನ್ ಕಡಿಮೆಯಾಗಿದ್ದು ನಿಜ, ಭಾವ. ಮಾಸ್ಕ್‌ನಿಂದಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಸಿಲಿಂಡರ್ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ಹೋದವರ ಲೆಕ್ಕ 24. ಆಕ್ಸಿಜನ್ ಇಲ್ಲದೆ ಸತ್ತವರು ಮೂರೇ ಜನ ಅಂತ ಮೊದಲು ಹೇಳಿದರು. ಮೂರೇ ಅಂತೆ. ಮೂಗು ಕಂಡರೆ ಅಲ್ಲೇ ರಸೀದಿ ಹರಿಯಲು ಬರುವ ಸರ್ಕಾರಕ್ಕೆ ಸತ್ತವರನ್ನು ಎಣಿಸಲು ಬರಲಿಲ್ಲ. ಇದರಲ್ಲಿ ತಮಾಷೆ ಹುಡುಕಿ ನೋಡಿದೆ, ನನಗೆ ಸಿಗಲಿಲ್ಲ.

ಪಹಣಿ ಕೆಲಸ ಈ ಸಲವೂ ಆಗಲಿಲ್ಲ. ಸರ್ವರ್ ಡೌನ್, ನಾಳೆ ಬನ್ನಿ ಅಂದರು. ಹೊರಗೆ ಬಂದೆ. ಆ ಮೊಳೆ ಇನ್ನೂ ಅಲ್ಲೇ ಇದೆ. ಈಗ ಅದರಲ್ಲಿ ಒಂದು ಹೆಲ್ಮೆಟ್ ನೇತಾಡುತ್ತಿತ್ತು. ಕೆಳಗಿನ ಪಟ್ಟಿ ಕಿತ್ತುಹೋಗಿದೆ, ಒಳಗಿನ ಸ್ಪಂಜೂ ಇಲ್ಲ. ನಾನು ಬರಿತಲೆಯಲ್ಲಿ ಗಾಡಿ ಹತ್ತುವುದನ್ನು ಗೇಟಿನವನು ನೋಡಿದ.

‘ಸರ್ಕಲ್‌ನಾಗೆ ಪೊಲೀಸ್ನೋರು ನಿಂತವ್ರೆ ಸಾರ್, ಇದನ್ನ ಇಕ್ಕಂಡ್ ಹೋಗಿ. ನಾಳೆ ಹೆಂಗೂ ಬರ್ತೀರಲ್ಲ, ತಂದ್ಕೊಡಿ.’