ಅರವತ್ತೈದು ದಾಟಿದ ಕೂಡಲೇ ಬಡತನದ ಅಳತೆ ಬದಲಾಗುತ್ತಾ?

ಪುಣೆಯಲ್ಲಿರುವ ನಮ್ಮ ಕಡೆಯವರೇ, ಒಂದು ಲೆಕ್ಕ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಒಬ್ಬ ಹೆಂಗಸಿಗೆ 64 ವರ್ಷ. ಮನೆಯ ವರ್ಷದ ಆದಾಯ ಎರಡು ಲಕ್ಷ. ಮಹಾರಾಷ್ಟ್ರ ಸರ್ಕಾರ ಹೆಂಗಸರಿಗೆ ಅಂತ ಮಾಡಿದ ಲಾಡಕಿ ಬಹೀಣ್ ಯೋಜನೆಯಲ್ಲಿ ಆಕೆಗೆ ತಿಂಗಳಿಗೆ 1,500 ರೂಪಾಯಿ ಸಿಗುತ್ತದೆ. ಅಲ್ಲಿ ಆದಾಯದ ಮಿತಿ ಎರಡೂವರೆ ಲಕ್ಷ. 65 ದಾಟಿದರೆ ಆ ಯೋಜನೆಯಿಂದ ಹೊರಗೆ. ಇರಲಿ, ವಯಸ್ಸಾದವರಿಗೆ ಅಂತಲೇ ಶ್ರಾವಣಬಾಳ ಪಿಂಚಣಿ ಯೋಜನೆ ಇದೆಯಲ್ಲ, ಅಲ್ಲಿಗೆ ಹೋಗಲಿ ಅಂತೀರಿ. ಅಲ್ಲೂ ಕೊಡೋದು ಅದೇ 1,500. ಆದರೆ ಅಲ್ಲಿ ಇಡೀ ಕುಟುಂಬದ ಆದಾಯ ವರ್ಷಕ್ಕೆ 21,000 ದಾಟುವ ಹಾಗಿಲ್ಲ.

ಎರಡೂವರೆ ಲಕ್ಷ ಎಲ್ಲಿ, ಇಪ್ಪತ್ತೊಂದು ಸಾವಿರ ಎಲ್ಲಿ! ಸರ್ಕಾರ ಅದೇ, ದುಡ್ಡು ಅಷ್ಟೇ, ಹೆಂಗಸೂ ಅವಳೇ. ಹುಟ್ಟುಹಬ್ಬ ಒಂದು ಕಳೆದಿದೆ, ಅಷ್ಟೇ.

ಆ 21,000ವನ್ನು ದಿನಕ್ಕೆ ಹಂಚಿ ನೋಡಿ. 57 ರೂಪಾಯಿ ಚಿಲ್ಲರೆ ಬರುತ್ತದೆ, ಅದೂ ಮನೆಮಂದಿಗೆಲ್ಲ ಸೇರಿ. ನಮ್ಮ ಪುಣೆಯಲ್ಲಿ ಮೂರು ವಡಾಪಾವ್‌ಗೂ ಸಾಲಲ್ಲ. ಪಿಂಚಣಿಯ ಮೊತ್ತ ಮೊದಲು 600 ಇತ್ತು, ಆಮೇಲೆ 1,000 ಆಯಿತು, 2023ರಲ್ಲಿ 1,500 ಆಯಿತು. ಮಿತಿ ಮಾತ್ರ ಕೂತಲ್ಲೇ ಕೂತಿದೆ. 65ಕ್ಕಿಂತ ಚಿಕ್ಕ ವಯಸ್ಸಿನ ವಿಧವೆಯರಿಗೆ, ನಿರ್ಗತಿಕರಿಗೆ ಇರುವ ಸಂಜಯ್ ಗಾಂಧಿ ನಿರಾಧಾರ ಯೋಜನೆಯಲ್ಲೂ ಇದೇ 21,000.

ಹಾಗಾದರೆ ಪಿಂಚಣಿ ಯಾರಿಗೂ ಸಿಗುತ್ತಿಲ್ಲವಾ? ಸಿಗುತ್ತಿದೆ. ಹೇಗೆ ಅನ್ನೋದು ಸರ್ಕಾರಿ ದಾಖಲೆಗಳಿಗೆ ಅರ್ಜಿ ಹಾಕುವ ಸೇತು ಕೇಂದ್ರದ ಹೊರಗೆ ಅರ್ಧ ಗಂಟೆ ನಿಂತರೆ ಗೊತ್ತಾಗುತ್ತದೆ. ಆದಾಯದ ದಾಖಲೆಯಲ್ಲಿ ಒಬ್ಬರದು 18,000, ಇನ್ನೊಬ್ಬರದು 20,000, ಮತ್ತೊಬ್ಬರದು ಸರಿಯಾಗಿ 21,000. ಯಾರೂ ಅಷ್ಟರಲ್ಲಿ ಬದುಕುತ್ತಿಲ್ಲ ಅಂತ ಏಜೆಂಟನಿಗೆ ಗೊತ್ತು, ಬರೆದುಕೊಡುವವರಿಗೆ ಗೊತ್ತು, ಸಹಿ ಹಾಕುವವರಿಗೂ ಗೊತ್ತು. ಎಲ್ಲರೂ ಸೇರಿ ಆಡುವ ನಾಟಕ ಇದು. ಸಿಕ್ಕಿಬೀಳೋದು ಮಾತ್ರ ಸ್ವಯಂಘೋಷಣೆಗೆ ಹೆಬ್ಬೆಟ್ಟು ಒತ್ತಿದ ಮುದುಕಿ.

ನನ್ನ ತಕರಾರು ಇರೋದು ಇಲ್ಲೇ. ಇಷ್ಟು ಕೆಳಗಿನ ಮಿತಿ ಬಡವರನ್ನು ಹೊರಗಿಡೋದು ಒಂದು ಕಡೆ. ಅದಕ್ಕಿಂತ ಕೆಟ್ಟದ್ದೆಂದರೆ, ಅದು ಅವರ ಬಾಯಿ ಮುಚ್ಚಿಸುತ್ತದೆ.

ನಮ್ಮ ಓಣಿಯಲ್ಲಿ ಇಂಡಿ ತಾಲ್ಲೂಕಿನ ಒಬ್ಬ ಅವ್ವ ಇದ್ದಾರೆ. ಹಡಪ್ಸರದ ಕಡೆ ಈಗ ಐಟಿ ಹುಡುಗರು ಕೂತಿರುವ ಕಟ್ಟಡಗಳಿಗೆ ಮರಳು, ಸಿಮೆಂಟು ಹೊತ್ತವರು. ಗಂಡ ತೀರಿಕೊಂಡಿದ್ದಾರೆ. ಮಗ ಬಾಡಿಗೆ ರಿಕ್ಷಾ ಓಡಿಸುತ್ತಾನೆ. ಪಿಂಚಣಿ ಅರ್ಜಿ ಕೊಡೋಕೆ ಅವರ ಜೊತೆ ನಾನೂ ಕಚೇರಿಗೆ ಹೋಗಿದ್ದೆ. ಅವರ ಫೈಲಿನಲ್ಲೂ ಇಪ್ಪತ್ತು ಸಾವಿರ ಅಂತ ಬರೆದ ಆದಾಯದ ದಾಖಲೆಯೇ ಇತ್ತು. ಕೌಂಟರಿನವರು ಫೈಲನ್ನು ಪೂರ್ತಿ ಬಿಚ್ಚಲೂ ಇಲ್ಲ. "ಮುಲಗಾ ರಿಕ್ಷಾ ಚಾಲವತೋ ನಾ? ತರ್ ನಾಹೀ ಹೋಣಾರ್" (ಮಗ ರಿಕ್ಷಾ ಓಡಿಸ್ತಾನಲ್ಲ? ಹಾಗಾದ್ರೆ ಆಗಲ್ಲ) ಅಂದರು. ಮುಗೀತು. ಸ್ವೀಕೃತಿ ಇಲ್ಲ, ತಿರಸ್ಕಾರದ ಪತ್ರ ಇಲ್ಲ, ಫೈಲು ವಾಪಸ್ ಕೈಗೆ.

ಹೊರಗೆ ಬಂದು "ಅವ್ವಾ, ಬರೆದು ಕೊಡ್ರಿ ಅಂತ ಕೇಳೋಣ, ಅಪೀಲು ಹಾಕೋಣ" ಅಂದೆ. ಅವರು ಪ್ಲಾಸ್ಟಿಕ್ ಚೀಲದ ಬಾಯಿ ಗಂಟು ಹಾಕುತ್ತಾ ಹೇಳಿದರು: "ಬ್ಯಾಡ ತಮ್ಮಾ. ಅಪೀಲ್ ಹಾಕಿದ್ರ ಮೊದಲ ಆ ಇಪ್ಪತ್ತು ಸಾವಿರದ ಕಾಗದಾನೇ ತಗೀತಾರ. ಇದ್ದ ರೇಷನ್ ಕಾರ್ಡೂ ಹೋದ್ರ ಏನ್ ಮಾಡ್ಲಿ?"

ಅವರ ಭಯದಲ್ಲಿ ತಪ್ಪೇನಿದೆ? ಎರಡೂವರೆ ಲಕ್ಷದ ಮಿತಿ ಇದ್ದಿದ್ದರೆ ಮಗನ ನಿಜವಾದ ಗಳಿಕೆಯನ್ನೇ ಬರೆದು, ಎದೆ ಸೆಟೆಸಿ ಅಪೀಲು ಹಾಕಬಹುದಿತ್ತು.

ಇನ್ನು 15 ವರ್ಷದ ವಾಸದ ನಿಯಮ. ಮಹಾರಾಷ್ಟ್ರದ ಪಿಂಚಣಿಗೆ 15 ವರ್ಷ ಇಲ್ಲಿದ್ದ ಪುರಾವೆ ಬೇಕು. ಗೋವಾದಲ್ಲೂ ದಯಾನಂದ ಸಾಮಾಜಿಕ ಭದ್ರತಾ ಯೋಜನೆಗೆ ಅಷ್ಟೇ ವರ್ಷ, ಹಾಗಾಗಿ ವಾಸ್ಕೋದ ನಮ್ಮವರ ಗೋಳೂ ಇದೇ. ನಿಯಮ ಇರಲಿ, ಬೇಡ ಅನ್ನಲ್ಲ. ಆದರೆ ಸೈಟಿನಿಂದ ಸೈಟಿಗೆ ತಗಡಿನ ಶೆಡ್ಡು ಬದಲಿಸುತ್ತಾ ಬದುಕಿದವರಿಗೆ ಬಾಡಿಗೆ ಕರಾರು ಎಲ್ಲಿಂದ ಬರಬೇಕು? ಲೈಟ್ ಬಿಲ್ಲು ಗುತ್ತಿಗೆದಾರನ ಹೆಸರಲ್ಲಿ. ಓಟು ಊರಲ್ಲಿ. ಊರಿಗೆ ಹೋದರೆ, "ನೀವು ಪುಣೆಯವರಲ್ವಾ" ಅಂತಾರೆ. ರೇಷನ್ ಅಕ್ಕಿ ಈಗ ಯಾವ ರಾಜ್ಯದಲ್ಲಾದರೂ ಎತ್ತಬಹುದು, ಪಿಂಚಣಿಗೆ ಆ ಭಾಗ್ಯ ಇಲ್ಲ. (ನಮ್ಮ ಕರ್ನಾಟಕದವರು ಜಾಸ್ತಿ ಬೀಗಬೇಡಿ. ಅಲ್ಲಿನ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದ ಆದಾಯ ಮಿತಿ 32,000. ಗೃಹಲಕ್ಷ್ಮಿಗೆ ಮಾತ್ರ ತೆರಿಗೆ ಕಟ್ಟುವವರನ್ನು ಬಿಟ್ಟು ಎಲ್ಲರೂ ಬನ್ನಿ!)

ಮನಸ್ಸು ಮಾಡಿದರೆ ಸರ್ಕಾರಕ್ಕೆ ಇದೆಲ್ಲ ಸಲೀಸು. 2024ರ ಜುಲೈಯಲ್ಲಿ ಲಾಡಕಿ ಬಹೀಣ್ ಶುರುವಾದಾಗ ಡೊಮಿಸೈಲ್, ಅಂದರೆ ಇಲ್ಲಿಯ ವಾಸದ ಪ್ರಮಾಣಪತ್ರ, ಬೇಕು ಅಂದರು. ಗಲಾಟೆಯಾಯಿತು. ಕೆಲವೇ ದಿನದಲ್ಲಿ 15 ವರ್ಷ ಹಳೆಯ ರೇಷನ್ ಕಾರ್ಡ್ ಅಥವಾ ಓಟರ್ ಕಾರ್ಡ್ ಸಾಕು ಅಂದರು. ಹಳದಿ, ಕೇಸರಿ ಕಾರ್ಡ್ ಇದ್ದರೆ ಆದಾಯದ ದಾಖಲೆಯೇ ಬೇಡ ಅಂದರು. ಹೊರರಾಜ್ಯದಲ್ಲಿ ಹುಟ್ಟಿ ಇಲ್ಲಿಯವನನ್ನು ಮದುವೆಯಾದವಳಿಗೆ ಗಂಡನ ದಾಖಲೆ ನಡೆಯುತ್ತೆ ಅಂದರು. ನವೆಂಬರಿನಲ್ಲಿ ವಿಧಾನಸಭೆ ಚುನಾವಣೆ ಇತ್ತು, ನೆನಪಿದೆಯಲ್ಲ? ಮುದುಕರ ಪಿಂಚಣಿಗೆ ಅಂಥ ಅವಸರ ಯಾರಿಗೂ ಬರಲಿಲ್ಲ.

ಮಿತಿ ಏರಿಸಿದರೆ ಕಂಡವರೆಲ್ಲ ನುಗ್ತಾರೆ ಅನ್ನುವವರಿದ್ದಾರೆ. ಲಾಡಕಿ ಬಹೀಣ್‌ನಲ್ಲಿ ಸಾವಿರಾರು ಗಂಡಸರೇ ದುಡ್ಡು ತಗೊಂಡಿದ್ದು ಬಯಲಾಯಿತಲ್ಲ ಅಂತ ಕೇಳ್ತಾರೆ. ನಿಜ. ಆದರೆ ಅದು ಬಯಲಾಗಿದ್ದು ದಾಖಲೆಗಳನ್ನು ತಾಳೆ ನೋಡಿದ್ದಕ್ಕೆ. ಕಳ್ಳ ಯಾವ ಮಿತಿಗಾದರೂ ಕಾಗದ ಮಾಡಿಸ್ತಾನೆ, ಅವನಿಗೇನು!

ಮಿತಿ ಏರೋವರೆಗೆ ನಮ್ಮ ಕೈಯಲ್ಲಿರೋದು ಇಷ್ಟು. ಬಾಯಿಮಾತಿನ 'ನಾಹೀ' ಕೇಳಿ ಎದ್ದು ಬರಬೇಡಿ. ಅರ್ಜಿ ಒಳಗೆ ಕೊಟ್ಟು ಸ್ವೀಕೃತಿ ರಸೀದಿ ತಗೊಳ್ಳಿ. ಮಹಾರಾಷ್ಟ್ರದಲ್ಲಿ 2015ರ ಸೇವಾ ಹಕ್ಕು ಕಾಯ್ದೆ ಇದೆ. ಆದಾಯದ ದಾಖಲೆ, ಡೊಮಿಸೈಲ್ ಎರಡೂ ಅದರಡಿ ಬರುತ್ತವೆ. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಬೇಕು, ಅಪೀಲು ಯಾರಿಗೆ ಹಾಕಬೇಕು ಅಂತಲೂ ತಿಳಿಸಬೇಕು. 30 ದಿನದೊಳಗೆ ಮೊದಲ ಅಪೀಲು. ಅಲ್ಲಿ ಆಗದಿದ್ದರೆ ಎರಡನೆಯದು, ಕೊನೆಗೆ ಸೇವಾ ಹಕ್ಕು ಆಯೋಗ. ಕಾರಣವಿಲ್ಲದೆ ಸತಾಯಿಸಿದ ಅಧಿಕಾರಿಗೆ 500ರಿಂದ 5,000ದವರೆಗೆ ದಂಡ. ಪಿಂಚಣಿ ಅರ್ಜಿಯೇ ಅದನ್ನು ಮಂಜೂರು ಮಾಡುವ ಕಮಿಟಿಯಲ್ಲಿ ಬಿದ್ದುಹೋಗಿದ್ದರೆ, ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಸಭೆಯ ನಡಾವಳಿ ಕೇಳಿ. ಬಿಪಿಎಲ್‌ನವರಿಗೆ ಆ ಹತ್ತೂ ಇಲ್ಲ. ಪಿಂಚಣಿ ಈಗಾಗಲೇ ಬರುತ್ತಿರುವವರು ವರ್ಷವರ್ಷ ಹಯಾತಿಚಾ ದಾಖಲಾ (ಬದುಕಿದ್ದೇವೆ ಅನ್ನುವ ಪ್ರಮಾಣಪತ್ರ) ಕೊಡೋದು ಮರೆಯಬೇಡಿ. ಅದೊಂದು ಕಾಗದ ತಪ್ಪಿದರೂ ದುಡ್ಡು ನಿಂತುಹೋಗುತ್ತೆ.

ಅವ್ವನ ಮಗ ನಿನ್ನೆ ಫೋನ್ ಮಾಡಿದ್ದ. ಅಪೀಲು ಬೇಡ, ಆದರೆ ಮಿತಿ ಏರಿಸಿ ಅಂತ ಅರ್ಜಿ ಬರೆಯೋದಾದರೆ ತನ್ನ ಸ್ಟ್ಯಾಂಡಿನವರದ್ದೆಲ್ಲ ಸಹಿ ಮಾಡಿಸಿಕೊಡ್ತೀನಿ ಅಂದ. ಈ ಭಾನುವಾರ ಬರೆಯಲು ಕೂರ್ತಿದ್ದೇವೆ. ಮರಾಠಿ ಚೆನ್ನಾಗಿ ಬರೆಯಬಲ್ಲವರು ಒಬ್ಬರು ಬೇಕು, ನನ್ನದು ಓದಿದರೆ ತಹಸೀಲ್ದಾರರು ನಕ್ಕಾರು. ಬರುವವರು ನಿಮ್ಮ ಕಾಗದಗಳ ಜೆರಾಕ್ಸ್ ತನ್ನಿ, ಒರಿಜಿನಲ್ ಮನೆಯಲ್ಲೇ ಇರಲಿ.