ಟ್ಯಾಂಕರ್ ರೇಟ್ ಮೇಲ್‌ನಲ್ಲಿ ಲಿಫ್ಟ್ ಹೇಗೆ ಬಂತು ಸ್ವಾಮಿ?

ಹೊಸ ಮೇಲ್ ಬರೆಯೋಕೆ ದುಡ್ಡು ಕೊಡಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ. ನಮ್ಮ ಅಪಾರ್ಟ್‌ಮೆಂಟಿನವರನ್ನು ನೋಡಿದರೆ ಜಿಮೇಲಿನ ಆ ಕಂಪೋಸ್ ಬಟನ್ ಮುಟ್ಟೋಕೇ ಭಯ ಪಡ್ತಾರೇನೋ ಅನಿಸುತ್ತದೆ.

ನಾನು ಕಮಿಟಿಯಲ್ಲಿ ಖಜಾಂಚಿಯಾಗಿ ಸಿಕ್ಕಿಹಾಕಿಕೊಂಡ ಕಥೆ ನಿಮಗೆಲ್ಲ ಗೊತ್ತು. ಮತ್ತೆ ಶುರು ಮಾಡಲ್ಲ, ಹೆದರಬೇಡಿ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳೆಲ್ಲ ಕೈಕೊಟ್ಟು, ಬೆಂಗಳೂರಿನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತಲ್ಲ, 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ ಅಂತ? ಆಗ ನಮ್ಮಲ್ಲಿ ಯಾರೋ 'ಟ್ಯಾಂಕರ್ ರೇಟ್' ಅಂತ ಸಬ್ಜೆಕ್ಟ್ ಹಾಕಿ ಎಲ್ಲರಿಗೂ ಒಂದು ಮೇಲ್ ಕಳಿಸಿದರು. ಆ ದರಕ್ಕೆ ನಮಗೆ ನೀರು ಸಿಕ್ಕಿತಾ ಅಂತ ಮಾತ್ರ ಕೇಳಬೇಡಿ. ಮಳೆ ಬಂತು, ಬೋರ್‌ವೆಲ್‌ಗೆ ನೀರೂ ಬಂತು. ಆ ಮೇಲ್ ಮಾತ್ರ ಮುಗಿಯಲಿಲ್ಲ. ಗಣೇಶನ ಚಂದಾ ಅದರಲ್ಲೇ. ಪಾರ್ಕಿಂಗ್ ಜಗಳ ಅದರಲ್ಲೇ. ಮೂರನೇ ಮಹಡಿಯ ನಾಯಿ ಬೊಗಳುವುದೂ ಅದರಲ್ಲೇ. ಈಗ ಲಿಫ್ಟಿನ ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಕಾಂಟ್ರ್ಯಾಕ್ಟ್!

ಲಿಫ್ಟ್‌ನವರು ಕೊಟ್ಟ ಕೊಟೇಶನ್ ಬಗ್ಗೆ ಕಮಿಟಿಯವರು ಅಲ್ಲೇ ಮಾತಾಡಿಕೊಂಡಿದ್ದೆವು. "ಮೊದಲು ಜಾಸ್ತಿನೇ ಹೇಳ್ತಾರೆ, ಒತ್ತಿ ಕೇಳೋಣ. ಇಳಿಸದಿದ್ರೆ ಹೇಳಿದಷ್ಟೇ ಕೊಡೋಣ, ಬೇರೆ ಗತಿ ಇಲ್ಲ" ಅಂತ ಒಬ್ಬರು ಬರೆದಿದ್ದರು. ಇವತ್ತು ಬೆಳಿಗ್ಗೆ ಇನ್ನೊಬ್ಬ ಹಿರಿಯರು ಅದೇ ಮೇಲ್‌ಗೆ ರಿಪ್ಲೈ ಆಲ್ ಒತ್ತಿ, ಲಿಫ್ಟ್‌ನವರನ್ನು ಸಿಸಿಗೆ ಸೇರಿಸಿ, 'ಕೈಂಡ್ಲಿ ರಿವೈಸ್ ದ ರೇಟ್' ಅಂತ ಒಂದೇ ಒಂದು ಸಾಲು ಬರೆದು ಕಳಿಸಿಬಿಟ್ಟರು. ಹಳೆಯದೆಲ್ಲ ಅದರ ಕೆಳಗೇ ಹೋಯಿತು. ನಮ್ಮ ಕಣ್ಣಿಗೆ ಮೂರು ಚುಕ್ಕೆ ಅಷ್ಟೇ ಕಾಣುತ್ತದೆ ನೋಡಿ, ಅದರ ಒಳಗೆ ಏನಿದೆ ಅಂತ ಯಾರೂ ತೆಗೆದು ನೋಡಲ್ಲ. ಆದರೆ ವ್ಯಾಪಾರ ಮಾಡುವವರು ನೋಡ್ತಾರೆ. ಊಟದ ಹೊತ್ತಿಗೆ ಉತ್ತರ ಬಂತು: 'ಟ್ರೇಲ್ ಮೇಲ್ ಪ್ರಕಾರ ನಮ್ಮ ದರ ತಮಗೆ ಒಪ್ಪಿಗೆ ಇದ್ದಂತಿದೆ. ದಯವಿಟ್ಟು ಪಿಒ ಕಳಿಸಿ.' ಪಿಒ ಅಂದರೆ ಪರ್ಚೇಸ್ ಆರ್ಡರ್, ಕೆಲಸ ಒಪ್ಪಿಸುವ ಪತ್ರ.

ಎಷ್ಟು ವಿನಯ! ಬಯ್ಯೋಕೂ ಆಗಲ್ಲ. ಓದಿ ಅಂತ ಕಳಿಸಿದವರು ನಾವೇ ಅಲ್ವಾ?

ಹೊಸ ಮೇಲ್. ಎರಡು ಪದದ ಸಬ್ಜೆಕ್ಟ್. ಅಷ್ಟು ಮಾಡಿದ್ದರೆ ಅವರಿಗೆ ಆ ಒಂದು ಸಾಲು ಬಿಟ್ಟು ಬೇರೇನೂ ಹೋಗುತ್ತಿರಲಿಲ್ಲ.

ಅಕ್ಕನ ಮಗ ಸಾಫ್ಟ್‌ವೇರ್‌ನವನು. ಅವನ ಹತ್ತಿರ ಎಲ್ಲದಕ್ಕೂ ಸೆಟ್ಟಿಂಗ್ಸ್ ಇರುತ್ತದೆ. "ಚಿಕ್ಕಮ್ಮಾ, ಕಾನ್ವರ್ಸೇಶನ್ ವ್ಯೂ ಆಫ್ ಮಾಡು, ಎಲ್ಲ ಬಿಡಿ ಬಿಡಿಯಾಗಿ ಬರುತ್ತೆ" ಅಂದ. 2004ರಲ್ಲಿ ಜಿಮೇಲ್ ಬಂದಾಗಿನಿಂದಲೂ ಒಂದು ಮೇಲ್ ಮತ್ತು ಅದರ ಉತ್ತರಗಳನ್ನೆಲ್ಲ ಹೀಗೆ ಕಟ್ಟು ಕಟ್ಟಿಯೇ ತೋರಿಸುವುದಂತೆ. ಬೇಡ ಅನ್ನುವವರು ಜಾಸ್ತಿಯಾಗಿ 2010ರಲ್ಲಿ ಆಫ್ ಮಾಡುವ ಅವಕಾಶ ಕೊಟ್ಟರಂತೆ. ಸರಿ, ಮಾಡಿ ನೋಡಿದೆ. ಒಂದು ಕಡೆ ಗುಡ್ಡೆಯಾಗಿದ್ದ ಕಸ ಇನ್‌ಬಾಕ್ಸ್ ತುಂಬ ಹರಡಿತು. ಎಲ್ಲದರ ತಲೆ ಮೇಲೂ ಅದೇ 'ಟ್ಯಾಂಕರ್ ರೇಟ್'. ಅದೇ ಸಂಜೆ ಮತ್ತೆ ಆನ್ ಮಾಡಿದೆ.

ಜಿಮೇಲ್‌ನದ್ದು ಇದರಲ್ಲಿ ಏನೂ ತಪ್ಪಿಲ್ಲ, ನಾನು ಅದರ ಪರ. ಸಬ್ಜೆಕ್ಟ್ ಬದಲಾಯಿಸಿದರೆ ಅದೇ ಬೇರೆ ಕಟ್ಟು ಮಾಡಿ ಇಡುತ್ತದೆ. ಒಂದು ಕಟ್ಟಿನಲ್ಲಿ 100 ಮೇಲ್ ದಾಟಿದರೆ ತಾನಾಗಿಯೇ ಮುರಿದು ಇನ್ನೊಂದು ಶುರು ಮಾಡುತ್ತದೆ. ಪಾಪ, ಅದಕ್ಕೂ ಸಾಕಾಗಿರಬೇಕು. ಆದರೆ ನಮ್ಮವರು ಬಿಡ್ತಾರಾ? ಈಗ ಒಂದೇ ಹೆಸರಿನ ಹಲವು ಕಟ್ಟುಗಳಿವೆ. ಅರ್ಧ ಜನ ಹಳೆಯದಕ್ಕೆ ಉತ್ತರ ಬರೀತಾರೆ, ಇನ್ನರ್ಧ ಹೊಸದಕ್ಕೆ. ಪೇಂಟಿಂಗ್ ಬಗ್ಗೆ ಕೇಳಿದ ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ. ಲೆಕ್ಕ ಬರೆಯುವ ನಾನು ನಡುವೆ.

"ವಾಟ್ಸಾಪ್ ಇದೆಯಲ್ಲ ಮೇಡಂ" ಅನ್ನೋರೂ ಇದ್ದಾರೆ. ಇದೆ. ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಹೋದ ವರ್ಷದ ಆಡಿಟರ್ ಬಿಲ್ ಹುಡುಕಿ ಕೊಡಿ, ನಾಳೆಯಿಂದಲೇ ಅಲ್ಲಿಗೆ ಹೋಗೋಣ.

ಇನ್ನು ಕೆಂಪು ಅಕ್ಷರದ ಅಂಕಲ್. ಆಫೀಸಿನಲ್ಲಿ ಕಲಿತ ಅಭ್ಯಾಸ, ರಿಟೈರ್ ಆದರೂ ಬಿಟ್ಟಿಲ್ಲ. ಅವರ ಮೇಲ್ ತೆರೆದರೆ ಮೇಲೆ ಇರುವುದು ಇಷ್ಟೇ: 'ಪ್ಲೀಸ್ ಸೀ ಮೈ ರಿಪ್ಲೈ ಬಿಲೋ ಇನ್ ರೆಡ್.' ಮೂರು ಚುಕ್ಕೆ ಒತ್ತಬೇಕು. ಹಳೆಯ ಮೇಲ್‌ಗಳ ಒಳಗೆ ಇಳಿಯಬೇಕು. ಯಾರದೋ 'ನೋಟೆಡ್', ಯಾರದೋ 'ವೆಲ್ ಸೆಡ್ ಸರ್', ಯಾರದೋ ಕಂಪನಿಯ ಗೌಪ್ಯತೆಯ ಎಚ್ಚರಿಕೆ, ಪ್ರಿಂಟ್ ತೆಗೆಯುವ ಮುನ್ನ ಪರಿಸರದ ಬಗ್ಗೆ ಯೋಚಿಸಿ ಅನ್ನೋ ಹಸಿರು ಎಲೆ. ಇವೆಲ್ಲ ದಾಟಿದ ಮೇಲೆ ಒಂದು ಪುಟ್ಟ ಕೆಂಪು ಪದ: 'ಎಸ್'. ಕೆಲವೊಮ್ಮೆ ಅಷ್ಟು ಕೆಳಗೂ ಹೋಗೋಕಾಗಲ್ಲ. ಮೇಲ್ ಸುಮಾರು 100 ಕೆಬಿ ದಾಟಿದರೆ ಜಿಮೇಲ್ ಕತ್ತರಿಸಿ 'ಮೆಸೇಜ್ ಕ್ಲಿಪ್ಡ್' ಅಂತ ಹಾಕುತ್ತದೆ, ಪೂರ್ತಿ ನೋಡೋಕೆ ಇನ್ನೊಂದು ಕಿಟಕಿ ತೆರೆಯಬೇಕು. ಒಂದು 'ಎಸ್'ಗೋಸ್ಕರ! ಫೋನ್ ಮಾಡಿ ಹೇಳಬಾರದಾ ಅಂಕಲ್? ಎದುರು ಮನೆಯಲ್ಲೇ ಇದ್ದೀರಿ.

ಇಷ್ಟೆಲ್ಲ ಬಯ್ದ ಮೇಲೆ ಒಂದು ಗುಟ್ಟು. ಪಾರ್ಕಿಂಗ್ ಜಗಳ ಇರುವ ಕಟ್ಟನ್ನು ನಾನು ಮ್ಯೂಟ್ ಮಾಡಿಟ್ಟಿದ್ದೇನೆ. ಎಷ್ಟು ಉತ್ತರ ಬಂದರೂ ಇನ್‌ಬಾಕ್ಸ್‌ಗೆ ಬರಲ್ಲ, ಸೀದಾ ಆಲ್ ಮೇಲ್‌ಗೆ ಹೋಗಿ ಕೂರುತ್ತದೆ. ನೆಮ್ಮದಿ. ಆದರೆ ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾನೇ ಹುಡುಕಿಕೊಂಡು ಹೋಗಿ ಮೊದಲಿಂದ ಕೊನೆಯವರೆಗೆ ಓದುತ್ತೇನೆ. ಏನು ಡೈಲಾಗ್‌ಗಳು ಅಂತೀರಿ! ಸೀರಿಯಲ್ ನೋಡೋದೇ ಬಿಟ್ಟಿದ್ದೇನೆ.

ಹಾಗಂತ ಲೆಕ್ಕದ ವಿಷಯದಲ್ಲಿ ಹೀಗಾದರೆ ಸಹಿಸೋಕಾಗಲ್ಲ. ಲಿಫ್ಟ್‌ನವರಿಗೆ ಈಗ ನಾನೇ ಫೋನ್ ಮಾಡಿ ಹಲ್ಲು ಗಿಂಜಬೇಕು. ಕಡಿಮೆ ಮಾಡಿ ಅಂತ ಯಾವ ಬಾಯಲ್ಲಿ ಕೇಳಲಿ?

ಅದಿರಲಿ. ಭಾನುವಾರ ಸಂಪ್ ಕ್ಲೀನಿಂಗ್ ಇದೆ. ಎಲ್ಲರಿಗೂ ಹೊಸ ಮೇಲ್ ಹಾಕಿದೆ, ಹೊಸ ಸಬ್ಜೆಕ್ಟ್, 'ಇದರಲ್ಲಿ ಬೇರೆ ವಿಷಯ ಬರೆಯಬೇಡಿ' ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಹತ್ತು ನಿಮಿಷಕ್ಕೆ ಮೊದಲ ಉತ್ತರ ಬಂತು, ರಿಪ್ಲೈ ಆಲ್: "ಮೇಡಂ, ನಮ್ಮ ಮನೆ ಮುಂದಿನ ಟ್ಯೂಬ್‌ಲೈಟ್ ಇನ್ನೂ ಹಾಕಿಲ್ಲ."