ಹಂಡೆಗೆ ಆವೇಶ ಬಂದರೆ

ಮೂಡಿಗೆರೆ ಸೀಮೆಯ ನಮ್ಮ ಮನೆಯ ಬಚ್ಚಲೊಲೆಯ ಮೇಲೆ ಮೂರು ತಲೆಮಾರು ಕೂತಿದ್ದ ತಾಮ್ರದ ಹಂಡೆ, ಸೋಲಾರ್ ಬಂದ ಮೇಲೆ ಕೆಲಸ ಕಳೆದುಕೊಂಡು ಜಗಲಿಯ ಮೂಲೆ ಸೇರಿದೆ. ಅದರ ಹೊರಮೈಗೆ ಬೆರಳು ತಾಗಿಸಿದರೆ ಇಂದಿಗೂ ಮಸಿ ಅಂಟುತ್ತದೆ; ಒಳಗೆ ಕೈಯಾಡಿಸಿದರೆ ನುಣುಪು, ಅಲ್ಲಲ್ಲಿ ತುಸು ಕಿಲುಬು. ಮಸಿ ಹೊರಗೇ ಉಳಿದದ್ದು ಬೆಂಕಿ ಹೊರಗಿದ್ದ ಕಾರಣಕ್ಕೆ. ಆದರೆ ವಿದ್ಯುತ್ತಿನ ಆವೇಶವನ್ನು, ಅಂದರೆ ಚಾರ್ಜನ್ನು, ಇಂಥ ಪಾತ್ರೆಯ ತಳಕ್ಕೇ ಒಯ್ದು ಮುಟ್ಟಿಸಿದರೂ ಅದು ಒಳಗೆ ನಿಲ್ಲದೆ ಹೊರಮೈಗೆ ಬಂದು ಕೂರುತ್ತದೆ. (ಇದಕ್ಕೆ ಆವೇಶವೆಂದು ಹೆಸರಿಟ್ಟವರು ಜಾತ್ರೆಯಲ್ಲಿ ದೇವರು ಮೈಮೇಲೆ ಬರುವುದನ್ನು ಕಂಡವರೇ ಇರಬೇಕು.)

1755ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಆವೇಶ ತುಂಬಿದ ಬೆಳ್ಳಿಯ ಪಾತ್ರೆಯೊಳಕ್ಕೆ ರೇಷ್ಮೆ ದಾರದಲ್ಲಿ ಬೆಂಡಿನ ಗುಂಡನ್ನು ಇಳಿಬಿಟ್ಟ. ಹೊರಮೈ ಸೆಳೆಯುತ್ತಿದ್ದ ಆ ಗುಂಡನ್ನು ಒಳಮೈ ಸೆಳೆಯಲಿಲ್ಲ, ತಳ ಮುಟ್ಟಿ ಮೇಲೆ ಬಂದಾಗಲೂ ಅದರಲ್ಲಿ ಆವೇಶವಿರಲಿಲ್ಲ. ಒಂದೇ ಜಾತಿಯ ಆವೇಶಗಳು ಒಂದನ್ನೊಂದು ತಳ್ಳುತ್ತ ದೂರ ಹೋಗುತ್ತವೆ ಎಂಬ ವಿವರಣೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ದೂರ ಇಮ್ಮಡಿಯಾದರೆ ಬಲ ಸರಿಯಾಗಿ ಕಾಲುಭಾಗಕ್ಕೆ ಇಳಿಯುವುದರಿಂದಲೇ ಮುಚ್ಚಿದ ಟೊಳ್ಳಿನೊಳಗೆ ಎಲ್ಲ ಕಡೆಯ ತಳ್ಳಾಟವೂ ಕೂಡಿ ಸೊನ್ನೆಯಾಗುತ್ತದೆ; ಆ ಲೆಕ್ಕ ಕೂದಲೆಳೆಯಷ್ಟು ತಪ್ಪಿದ್ದರೂ ಒಳಗೆ ಏನಾದರೂ ಉಳಿಯಬೇಕಿತ್ತು. ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ ಹಿಡಿದದ್ದು ಈ ಎಳೆಯನ್ನೇ. 1773ರ ಸುಮಾರಿಗೆ ಅವನು ಲೋಹದ ಹಾಳೆ ಹೊದಿಸಿದ ಒಂದು ಗೋಳದ ಸುತ್ತ ಇನ್ನೊಂದನ್ನು ಮುಚ್ಚಿ, ಎರಡನ್ನೂ ತಂತಿಯಿಂದ ಜೋಡಿಸಿ ಆವೇಶ ಕೊಟ್ಟು, ತಂತಿ ತೆಗೆದು, ಹೊರಗಿನದನ್ನು ಬಿಡಿಸಿ ಒಳಗಿನದನ್ನು ಪರೀಕ್ಷಿಸಿದ. ಏನೂ ಸಿಗಲಿಲ್ಲ. ಆ ಏನೂ ಇಲ್ಲದಿರುವಿಕೆಯಿಂದಲೇ ನಿಯಮದ ಘಾತಾಂಕ (ಬಲ ದೂರದ ಎಷ್ಟನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆಂಬ ಅಂಕಿ) 2ರಿಂದ ಐವತ್ತರಲ್ಲೊಂದು ಪಾಲಿಗಿಂತ ಹೆಚ್ಚು ಸರಿದಿರಲಾರದೆಂದು ಲೆಕ್ಕ ಹಾಕಿ, ಯಾರಿಗೂ ಹೇಳದೆ ಕಾಗದಗಳ ನಡುವೆ ಇಟ್ಟುಬಿಟ್ಟ! ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅದನ್ನು ಅಚ್ಚು ಮಾಡಿಸಿದ್ದು 1879ರಲ್ಲಿ.

1836ರಲ್ಲಿ ಇಂಗ್ಲೆಂಡಿನ ಇನ್ನೊಬ್ಬ ವಿಜ್ಞಾನಿ ಫ್ಯಾರಡೆ ಹನ್ನೆರಡು ಅಡಿಯ ಚೌಕದ ಕೋಣೆಗೆ ಲೋಹ ಹೊದಿಸಿ, ಹೊರಗೆ ಕಿಡಿ ಹಾರುತ್ತಿರುವಾಗ ತಾನು ಒಳಗೆ ನಿಶ್ಚಿಂತನಾಗಿದ್ದ. ನನಗೆ ಹೆಚ್ಚು ಹಿಡಿಸುವುದು ಅವನ 1843ರ, ಮಂಜುಗಡ್ಡೆ ಇಡುವ ಲೋಹದ ಬಕೆಟ್ಟಿನ ಪ್ರಯೋಗ. ಆವೇಶವಿರುವ ಗುಂಡನ್ನು ಬಕೆಟ್ಟಿನ ಆಳಕ್ಕೆ ಇಳಿಬಿಟ್ಟರೆ, ಮುಟ್ಟಿಸದೆಯೇ, ಒಳಮೈಯಲ್ಲಿ ವಿರುದ್ಧ ಆವೇಶವೂ ಹೊರಮೈಯಲ್ಲಿ ಗುಂಡಿನಷ್ಟೇ ಆವೇಶವೂ ಕಾಣಿಸಿಕೊಳ್ಳುತ್ತವೆ. ಗುಂಡನ್ನು ಒಳಗೆ ಅತ್ತಿತ್ತ ಸರಿಸಿದರೂ ಹೊರಗಿನ ಲೆಕ್ಕ ಬದಲಾಗದು. ದೊಡ್ಡ ಮನೆಗಳಲ್ಲೂ ಹೀಗೆಯೇ: ಒಳಗೆ ಜಗಳವೆಂಬುದು ಬೀದಿಗೆ ತಿಳಿಯುತ್ತದೆ, ಅಡುಗೆಮನೆಯಲ್ಲೋ ನಡುಮನೆಯಲ್ಲೋ ಎಂಬುದು ತಿಳಿಯದು. ಪಾತ್ರೆಯನ್ನು ನೆಲಕ್ಕೆ ತಂತಿಯಿಂದ ಜೋಡಿಸಿದರೆ ಅಷ್ಟೂ ತಿಳಿಯದು.

ಏಪ್ರಿಲಿನ ಗುಡುಗುಮಳೆಯಲ್ಲಿ ಕಾರಿನೊಳಗೆ ಕೂತವರನ್ನು ಕಾಯುವುದು ರಬ್ಬರಿನ ಟಯರಲ್ಲ, ಸುತ್ತಲಿನ ತಗಡು ಎಂದು ಮೊನ್ನೆ ಮೊಮ್ಮಗಳಿಗೆ ವಿವರಿಸುತ್ತಿದ್ದೆ. ಅವಳು ಮೂಲೆಯತ್ತ ನೋಡಿ, "ಹಾಗಾದರೆ ಸಿಡಿಲು ಬಂದಾಗ ನಾನು ಹಂಡೆಯೊಳಗೆ ಕೂರಲಾ ಅಜ್ಜ?" ಎಂದಳು. ತಲೆ ಹೊರಗೇ ಉಳಿಯುತ್ತದಲ್ಲ ಎಂದೆ. ಒಂದು ಕ್ಷಣ ಯೋಚಿಸಿ, ಮುಚ್ಚಳ ಎಲ್ಲಿದೆ ಎಂದು ಹುಡುಕತೊಡಗಿದಳು. ಸಿಕ್ಕಿದ್ದು ಹಲಸಿನ ಮರದ್ದು.